ಬೆಟ್ಟ ಯಾರ ಸ್ವತ್ತು?

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆಗಳ ಮಾತಾಡುವ ಸಭೆಯಲ್ಲಿ ಬೆಟ್ಟ ಹತ್ತುವ ವಿಷಯವೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ವಿಹಾರವೆಂಬುದು ಹೊಟ್ಟೆ ತುಂಬಿದವರ ಚಿಂತೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಆರು ದಿನ ಹತ್ತಿಯ ಧೂಳಿನಲ್ಲಿ, ಮಗ್ಗದ ಸದ್ದಿನಲ್ಲಿ ನಿಲ್ಲುವವನಿಗೆ ಏಳನೆಯ ದಿನ ಒಂದಿಷ್ಟು ಶುದ್ಧ ಗಾಳಿ ಬೇಡವೇ? ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತವನ ಕಣ್ಣಿಗೆ ಹಸುರು ಬೇಡವೇ? ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿ ಅದಕ್ಕಾಗಿ ಜೈಲಿಗೆ ಹೋದವರಿದ್ದಾರೆ. ಅವರ ಕಥೆಯನ್ನು ಇಂದು ಹೇಳಬೇಕೆಂದಿದ್ದೇವೆ.

ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಹೆಸರು ನಿಮಗೆ ಹೊಸದಲ್ಲ. ನಮ್ಮ ನೇಕಾರರ ಅನ್ನ ಕಿತ್ತುಕೊಂಡ ಬಟ್ಟೆ ಬಂದದ್ದು ಆ ಸೀಮೆಯಿಂದ. ಆದರೆ ಅದನ್ನು ನೇಯ್ದ ಕೈಗಳೂ ಬಡವರ ಕೈಗಳೇ ಎಂಬುದನ್ನು ಮರೆಯಬಾರದು. ಆ ನಗರಕ್ಕೂ ಶೆಫೀಲ್ಡ್ ಎಂಬ ಉಕ್ಕಿನ ಊರಿಗೂ ನಡುವೆ ಕಿಂಡರ್ ಸ್ಕೌಟ್ ಎಂಬ ಬೆಟ್ಟವಿದೆ. ಎತ್ತರ ೬೩೬ ಮೀಟರು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ನೆಲಕ್ಕೆ ಬೇಲಿ ಬಿದ್ದು, ಅದು ಕೆಲವೇ ಜಮೀನುದಾರರ ಪಾಲಾಯಿತು. ವರ್ಷದಲ್ಲಿ ಕೆಲವು ದಿನ ಗ್ರೌಸ್ ಎಂಬ ಹಕ್ಕಿಯ ಬೇಟೆ. ಆ ಬೇಟೆಗಾಗಿ ವರ್ಷವಿಡೀ ದೊಣ್ಣೆ ಹಿಡಿದ ಕಾವಲು.

೧೯೩೨ರ ಏಪ್ರಿಲ್ ೨೪, ಭಾನುವಾರ. ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತು ವರ್ಷದ ಯುವಕನ ಮುಂದಾಳುತನದಲ್ಲಿ ಸುಮಾರು ನಾನೂರು ಜನ ಹೇಫೀಲ್ಡ್ ಹಳ್ಳಿಯಿಂದ ಹೊರಟು, ಹಾಡುತ್ತ, ನಿಷೇಧಿಸಿದ ಬೆಟ್ಟವನ್ನು ಹತ್ತಿದರು. ಕಾವಲುಗಾರರೊಡನೆ ಜಟಾಪಟಿಯಾಯಿತು, ಒಬ್ಬ ಕಾವಲುಗಾರನಿಗೆ ಪೆಟ್ಟೂ ಬಿತ್ತು. ಇಳಿದು ಬಂದಾಗ ಪೊಲೀಸರು ಕಾದಿದ್ದರು. ಅತಿಕ್ರಮ ಪ್ರವೇಶ ಆ ದೇಶದಲ್ಲಿ ಅಪರಾಧವೇ ಆಗಿರಲಿಲ್ಲ, ಅದು ಬರಿಯ ಸಿವಿಲ್ ವ್ಯಾಜ್ಯ. ಆದ್ದರಿಂದ ದೊಂಬಿಯ ಮೊಕದ್ದಮೆ ಹೂಡಿದರು! ಐವರಿಗೆ ಎರಡು ತಿಂಗಳಿಂದ ಆರು ತಿಂಗಳವರೆಗೆ ಸೆರೆವಾಸ. ರಾತ್‌ಮನ್‌ಗೆ ನಾಲ್ಕು ತಿಂಗಳು. ಹಳೆಯ ಚಾರಣ ಸಂಘಗಳ ಹಲವರು, ಇದು ಅವಸರದ ಕೆಲಸವೆಂದು ಅವರನ್ನು ದೂರಿದ್ದೂ ಉಂಟು. ಆದರೆ ಆ ಶಿಕ್ಷೆಯ ಕಠೋರತೆಯೇ ಜನರನ್ನು ಎಚ್ಚರಿಸಿತು.

೧೯೪೯ರಲ್ಲಿ ಅಲ್ಲಿನ ಲೇಬರ್ ಸರ್ಕಾರ ರಾಷ್ಟ್ರೀಯ ಉದ್ಯಾನಗಳ ಕಾನೂನು ತಂದಿತು. ೧೯೫೧ರಲ್ಲಿ ಆ ಕಾನೂನಿನಡಿ ಮೊಟ್ಟಮೊದಲು ಉದ್ಯಾನವಾದದ್ದು ಕಿಂಡರ್ ಇರುವ ಪೀಕ್ ಪ್ರದೇಶವೇ. ಬೆಟ್ಟ, ಬಯಲುಗಳಲ್ಲಿ ಜನ ಮುಕ್ತವಾಗಿ ನಡೆಯುವ ಹಕ್ಕು ಕಾನೂನಾಗಿ ಬರಲು ಮಾತ್ರ ೨೦೦೦ನೆಯ ಇಸವಿಯವರೆಗೆ ಕಾಯಬೇಕಾಯಿತು. ೨೦೦೨ರಲ್ಲಿ, ಬೆಟ್ಟದ ಹಿಂದಿನ ಒಡೆಯರ ವಂಶದ ಡ್ಯೂಕ್ ಬಹಿರಂಗವಾಗಿ ಕ್ಷಮೆ ಕೇಳಿದ.

ಹಕ್ಕು ಸಿಕ್ಕಿತು, ಕಥೆ ಮುಗಿಯಿತೇ? ಇಲ್ಲ. "ಜನರನ್ನು ಒಳಗೆ ಬಿಟ್ಟರೆ ಬೆಟ್ಟ ಹಾಳಾಗುತ್ತದೆ" ಎಂಬ ವಾದ ಇದೆಯಲ್ಲ, ಅದಕ್ಕೆ ಉತ್ತರ ಹೇಳಬೇಕು. ಅದು ಪೂರ್ತಿ ಸುಳ್ಳಲ್ಲವೆಂದು ನಾವು ಒಪ್ಪಬೇಕು. ಸಾವಿರಾರು ಬೂಟುಗಳು ತುಳಿದು ಕಿಂಡರಿನ ಮೆತ್ತನೆಯ ಕರಿಮಣ್ಣು ಕೊಚ್ಚಿಹೋದದ್ದು ನಿಜ. ತುಳಿತದ ಬಗ್ಗೆ ಪರೀಕ್ಷೆ ನಡೆಸಿದ ವಿಜ್ಞಾನಿಗಳು ಒಂದು ವಿಚಿತ್ರ ಸಂಗತಿ ಕಂಡರು: ಹುಲ್ಲಿಗೆ ಹೆಚ್ಚಿನ ಹಾನಿ ಮಾಡುವುದು ಮೊದಲ ಕೆಲವು ಹೆಜ್ಜೆಗಳೇ, ಸವೆದ ದಾರಿಯಲ್ಲಿ ಇನ್ನೂ ನೂರು ಜನ ನಡೆದರೂ ಅಷ್ಟಾಗಿ ಹೆಚ್ಚುವುದಿಲ್ಲ. ಹಾಗಾದರೆ ಮದ್ದು ಯಾವುದು? ಜನರನ್ನು ಓಡಿಸುವುದಲ್ಲ, ಗಟ್ಟಿಯಾದ ಒಂದು ದಾರಿ ಮಾಡಿಕೊಡುವುದು.

ಅಲ್ಲಿ ಮಾಡಿದ್ದೂ ಅದನ್ನೇ. ಆ ಸೀಮೆಯ ಬೆಟ್ಟದ ದಾರಿಗಳಿಗೆ ಕಲ್ಲುಚಪ್ಪಡಿ ಹಾಸಿದರು. ಆ ಚಪ್ಪಡಿ ಎಲ್ಲಿಂದ ಬಂತು ಗೊತ್ತೇ? ಬಹುಪಾಲು, ಮುಚ್ಚಿ ಕೆಡವಿದ ಹತ್ತಿ ಗಿರಣಿಗಳ ನೆಲದಿಂದ! ಅಜ್ಜ ನಿಂತು ದುಡಿದ ಕಲ್ಲಿನ ಮೇಲೆ ಇಂದು ಮೊಮ್ಮಗ ನಡೆದು ಗಾಳಿ ಕುಡಿಯುತ್ತಾನೆ.

ಇನ್ನೊಂದು ಮಾತು. ಬೆಟ್ಟವನ್ನು ಬೋಳು ಮಾಡಿದ್ದು ಕೇವಲ ನಡೆಯುವವರ ಕಾಲಲ್ಲ. ಶತಮಾನಕ್ಕೂ ಮಿಕ್ಕಿ ಕಾರ್ಖಾನೆಗಳು ಉಗುಳಿದ ಹೊಗೆ ನೀರು ಹಿಡಿಯುವ ಪಾಚಿಯನ್ನು ಕೊಂದಿತ್ತು; ಮಿತಿಮೀರಿದ ಕುರಿ ಮೇವು, ಬೆಂಕಿ ಉಳಿದ ಕೆಲಸ ಮುಗಿಸಿದ್ದವು. ಲಾಭ ಚಿಮಣಿಯ ಒಡೆಯನಿಗೆ, ಅಪವಾದ ಭಾನುವಾರ ನಡೆಯಲು ಬಂದ ಬಡವನಿಗೆ! ೨೦೦೩ರಿಂದ ಅಲ್ಲಿ ಒಂದು ಜಂಟಿ ಸಂಸ್ಥೆ ಹುಲ್ಲು ಬಿತ್ತಿ, ಪಾಚಿ ನೆಟ್ಟು, ಕೊರಕಲುಗಳಿಗೆ ಒಡ್ಡು ಕಟ್ಟಿ ಬೆಟ್ಟಕ್ಕೆ ಮರುಜೀವ ಕೊಡುತ್ತಿದೆ. ಬೇಲಿಯಿಂದ ಆಗದ ಕೆಲಸ ದುಡಿಮೆಯಿಂದ ಆಗುತ್ತಿದೆ.

ಆದರೂ ಒಂದು ದಿನಕ್ಕೆ ಬೆಟ್ಟ ತಾಳುವ ಜನಕ್ಕೆ ಮಿತಿಯಿಲ್ಲವೇ? ಇದೆ. ೧೯೬೮ರಲ್ಲಿ ಅಮೆರಿಕದ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ, ತುಂಬಿ ತುಳುಕುವ ಉದ್ಯಾನಗಳ ಮುಂದಿರುವ ದಾರಿಗಳನ್ನು ಪಟ್ಟಿ ಮಾಡಿದ: ಖಾಸಗಿಯವರಿಗೆ ಮಾರುವುದು, ಹೆಚ್ಚು ಹಣ ಕೊಟ್ಟವರಿಗೆ ಪ್ರವೇಶ, ಅರ್ಹತೆ ನೋಡಿ ಪ್ರವೇಶ, ಚೀಟಿ ಎತ್ತುವುದು, ಮೊದಲು ಬಂದವರಿಗೆ ಮೊದಲು. ಇವುಗಳಲ್ಲಿ ಯಾವುದನ್ನು ಆರಿಸುವುದು ಎಂಬುದು ವಿಜ್ಞಾನದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಹಣದ ತಕ್ಕಡಿಯಲ್ಲಿ ತೂಗಿದರೆ ಹೊರಗುಳಿಯುವವರು ನಾವೇ.

ಈ ಪ್ರಶ್ನೆ ನಮ್ಮ ಮನೆ ಬಾಗಿಲಿಗೂ ಬಂದಿದೆ. ೨೦೨೪ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಕಿಕ್ಕಿರಿದ ಮೇಲೆ ನಮ್ಮ ಸರ್ಕಾರ ಚಾರಣಕ್ಕೆ ತಡೆ ಹಾಕಿತು. ಆನಂತರ ದಿನಕ್ಕೆ ಇಂತಿಷ್ಟೇ ಜನವೆಂದು ಗೊತ್ತುಮಾಡಿ ಆನ್‌ಲೈನ್ ಬುಕಿಂಗ್ ತಂದಿತು. ಮಿತಿ ಹಾಕಿದ್ದನ್ನು ನಾವು ತಪ್ಪೆನ್ನುವುದಿಲ್ಲ. ಆದರೆ ಫೋನಿನಲ್ಲಿ ಚುರುಕಾದವನಿಗೆ ಮಾತ್ರ ಬೆಟ್ಟ ಸಿಗಬಾರದು. ಒಂದು ಪಾಲು ಟಿಕೆಟ್ಟು ಬೆಟ್ಟದ ಬುಡದಲ್ಲೇ ಸಿಗಲಿ. ದರ ದಿನಗೂಲಿಯವನ ಕೈಗೆಟಕಲಿ. ಬಂದ ಹಣ ಆ ದಾರಿಯ ರಿಪೇರಿಗೇ ಹೋಗಲಿ. ಆ ಕೆಲಸ ಸುತ್ತಲಿನ ಹಳ್ಳಿಯವರಿಗೆ ಸಿಗಲಿ. ಇವು ನಮ್ಮ ಬೇಡಿಕೆಗಳು.

ಹಾಗೆಯೇ ನಮ್ಮ ಕರ್ತವ್ಯವೂ ಇದೆ. ಹಕ್ಕು ಕೇಳುವ ಬಾಯಿ ಬೆಟ್ಟದ ಮೇಲೆ ಪ್ಲಾಸ್ಟಿಕ್ ಚೀಲ ಬಿಟ್ಟು ಬರುವ ಕೈಯನ್ನೂ ತಡೆಯಬೇಕು. ಬೆಟ್ಟ ಎಲ್ಲರದು ಎಂದರೆ ಅದನ್ನು ಕಾಯುವ ಹೊಣೆ ಯಾರದೂ ಅಲ್ಲ ಎಂದಲ್ಲ, ನಮ್ಮೆಲ್ಲರದು ಎಂದು ಅರ್ಥ.