ಐದನೆಯ ಓಟಗಾರನ ಕ್ಯಾಲೆಂಡರು

ನಾವು ಗುಡ್ಡಗಾಡು ಓಟ ಎಂದು ಕರೆಯುವ ಕ್ರೀಡೆ ಅಮೆರಿಕದ ಹೈಸ್ಕೂಲುಗಳಲ್ಲಿ ಕ್ರಾಸ್ ಕಂಟ್ರಿ. ಹುಲ್ಲು, ಮಣ್ಣು, ಏರಿಳಿತದ ದಾರಿ. ದೂರ ಬಹುಮಟ್ಟಿಗೆ 5 ಕಿಲೋಮೀಟರು. ಆಗಸ್ಟಿನಲ್ಲಿ ಶುರುವಾದ ಓಟ ಹೆಚ್ಚಿನ ರಾಜ್ಯಗಳಲ್ಲಿ ನವೆಂಬರಿನ ರಾಜ್ಯಮಟ್ಟದ ಸ್ಪರ್ಧೆಯವರೆಗೆ ನಡೆಯುತ್ತದೆ.

ಮುಖ್ಯ ಸ್ಪರ್ಧೆಯಲ್ಲಿ ತಂಡಕ್ಕೆ ಏಳು ಮಂದಿ ಓಡುತ್ತಾರೆ. ಮೊದಲ ಐವರ ಸ್ಥಾನಗಳನ್ನು ಕೂಡಿಸುತ್ತಾರೆ. ಮೊತ್ತ ಕಡಿಮೆ ಬಂದ ತಂಡಕ್ಕೆ ಗೆಲುವು. ಹಾಗಾಗಿ ಒಬ್ಬ ಮಿಂಚಿದರೆ ಸಾಲದು, ಐದನೆಯವನ ಕಾಲಿನಲ್ಲೂ ಕಸುವು ಉಳಿದಿರಬೇಕು. ನನ್ನ ಮಟ್ಟಿಗೆ ಇಡೀ ವೇಳಾಪಟ್ಟಿ ಇರುವುದೇ ಆ ಐದನೆಯ ಹುಡುಗನಿಗಾಗಿ. ತಿಳಿದ ಕೋಚ್ ಕ್ಯಾಲೆಂಡರನ್ನು ಕೊನೆಯಿಂದ ಹಿಂದಕ್ಕೆ ತುಂಬುತ್ತಾರೆ. ಕ್ಯಾಲಿಫೋರ್ನಿಯಾದವರಾದರೆ ಮೊದಲು ಗುರುತಿಸುವುದು ಫ್ರೆಸ್ನೋ ನಗರದ ವುಡ್‌ವರ್ಡ್ ಪಾರ್ಕಿನಲ್ಲಿ ನಡೆಯುವ ರಾಜ್ಯ ಸ್ಪರ್ಧೆಯ ದಿನವನ್ನು. ಆಮೇಲೆ ಅರ್ಹತಾ ಸುತ್ತುಗಳು, ಅವಕ್ಕೂ ಮುಂಚಿನ ಶನಿವಾರಗಳ ಆಹ್ವಾನ ಸ್ಪರ್ಧೆಗಳು. ಕರೆ ಬಂದಲ್ಲೆಲ್ಲ ಹೋಗುವ ಆಸೆಯನ್ನು ತಡೆದು ಒಂದೆರಡು ಶನಿವಾರ ಖಾಲಿ ಬಿಡುವುದೇ ಕಷ್ಟದ ಕೆಲಸ.

ಬಸ್ಸಿನ ಲೆಕ್ಕ ಬೇರೆಯೇ ಇದೆ. ಹಳದಿ ಶಾಲಾ ಬಸ್ಸುಗಳು ವಾರದ ದಿನ ಸಂಜೆ ಮಕ್ಕಳನ್ನು ಮನೆ ಮುಟ್ಟಿಸುವುದರಲ್ಲಿರುತ್ತವೆ. ತಂಡಕ್ಕೆ ಬಸ್ಸು ಬೇಕಾಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಶನಿವಾರ ಬೆಳಗ್ಗೆ 9 ಗಂಟೆಗೆ ಓಟ ಎಂದರೆ 7 ಗಂಟೆಯ ಸುಮಾರಿಗೆ ಮೈದಾನದಲ್ಲಿರಬೇಕು: ದಾರಿಯನ್ನು ನಡೆದು ನೋಡಬೇಕು, ಮೈ ಬೆಚ್ಚಗಾಗಿಸಿಕೊಳ್ಳಬೇಕು, ಶೌಚಾಲಯದ ಸಾಲಿನಲ್ಲಿ ನಿಲ್ಲಬೇಕು. ಮೂರು ಗಂಟೆಯ ಪ್ರಯಾಣವಿದ್ದರೆ ಬಸ್ಸು ನಸುಕಿನ 4ಕ್ಕೇ ಹೊರಡಬೇಕು. ಹಾಗೆ ನಿದ್ದೆಗೆಡಿಸುವುದಕ್ಕಿಂತ ಹಿಂದಿನ ರಾತ್ರಿ ಅಲ್ಲೇ ತಂಗುವುದು ಮೇಲು, ಹಣವಿದ್ದರೆ.

ಅಲಾಸ್ಕಾದ ಆಗ್ನೇಯ ಭಾಗದ ಮಕ್ಕಳನ್ನು ನೆನೆದರೆ ನನಗೆ ಬೆರಗು. ರಾಜಧಾನಿ ಜೂನೋಗೆ ಹೊರಗಿನಿಂದ ರಸ್ತೆಯೇ ಇಲ್ಲ. ಸಿಟ್ಕಾ, ಕೆಚಿಕನ್ ಊರುಗಳು ದ್ವೀಪಗಳ ಮೇಲಿವೆ. ಒಂದೂರಿನ ತಂಡ ಇನ್ನೊಂದೂರಿಗೆ ಹೋಗಬೇಕಾದರೆ ವಿಮಾನ, ಇಲ್ಲವೇ ರಾಜ್ಯ ಸರ್ಕಾರದ ಹಡಗು. ಓಟದ ದಿನ ಹಡಗಿನ ವೇಳೆಗೆ ಹೊಂದಬೇಕೇ ಹೊರತು ಹಡಗು ಓಟಕ್ಕೆ ಕಾಯುವುದಿಲ್ಲ. ಹಿಮ ಬೀಳುವ ಮೊದಲೇ, ಅಕ್ಟೋಬರ್ ಆರಂಭದ ಹೊತ್ತಿಗೆ, ಎಲ್ಲ ಮುಗಿಯಬೇಕು. ಮಕ್ಕಳು ಹಡಗಿನಲ್ಲೇ ಹೋಂವರ್ಕ್ ಬರೆಯುತ್ತಾರೆ. ಇಳಿದ ಊರಿನಲ್ಲಿ, ಮರುದಿನ ಯಾರನ್ನು ಹಿಂದಿಕ್ಕಬೇಕೋ ಅವರದೇ ಶಾಲೆಯ ತರಗತಿಯಲ್ಲಿ ಬೆಂಚು ಸರಿಸಿ, ಮಲಗುಚೀಲ ಹಾಸಿಕೊಳ್ಳುತ್ತಾರೆ.