ದೇಹವೂ ಒಂದು ಅಮಾನತ್ತು
(ಯುವಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)





2025ರ ಮೇ-ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದರಂತೆ ಬಂದ ಹಠಾತ್ ಹೃದಯಾಘಾತದ ಸುದ್ದಿಗಳು ನಾಡನ್ನು ತಲ್ಲಣಗೊಳಿಸಿದವು. ಮೃತರಲ್ಲಿ ಯುವಕರೂ ಇದ್ದರು. ಜಯದೇವ ಆಸ್ಪತ್ರೆಯ ಮುಂದೆ ಜನರು ಸಾಲುಗಟ್ಟಿ ನಿಂತರು. ಕೋವಿಡ್ ಲಸಿಕೆಯೇ ಕಾರಣವೇ ಎಂಬ ಪ್ರಶ್ನೆ ರಾಜಕೀಯ ವಾಗ್ವಾದವಾಯಿತು. ತಜ್ಞರ ಸಮಿತಿ ಅದನ್ನು ಅಲ್ಲಗಳೆಯಿತು. ಗದ್ದಲ ಅಡಗಿತು. ಆದರೆ ನಮ್ಮ ಯುವಕರಲ್ಲಿ ಎಷ್ಟು ಮಂದಿ ತಮ್ಮ ರಕ್ತದ ಕೊಲೆಸ್ಟರಾಲ್ ಪ್ರಮಾಣವನ್ನು ಬಲ್ಲರು?

ನಮ್ಮಲ್ಲಿ ಎರಡು ಭ್ರಮೆಗಳಿವೆ. ತೆಳ್ಳಗಿರುವವನು ತನಗೆ ಅಪಾಯವಿಲ್ಲವೆಂದು ಭಾವಿಸುತ್ತಾನೆ. ಜಿಮ್‌ಗೆ ಹೋಗುವವನು ತಾನು ತಿಂದದ್ದೆಲ್ಲ ಕರಗುತ್ತದೆಂದು ನಂಬುತ್ತಾನೆ.

1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ ನೌಕರರ ಕುರಿತ ಅಧ್ಯಯನವನ್ನು ಪ್ರಕಟಿಸಿದರು. ದಿನವಿಡೀ ಕುಳಿತಿರುವ ಚಾಲಕರಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದಯಾಘಾತ ಕಡಿಮೆಯಿತ್ತು. ಬಳಿಕ ಅವರು ಸಮವಸ್ತ್ರದ ಸೊಂಟದಳತೆಗಳನ್ನೂ ಪರಿಶೀಲಿಸಿದರು. ಚಾಲಕರ ಸೊಂಟ ದಪ್ಪವಾಗಿತ್ತು, ನಿಜ. ಆದರೆ ತೆಳ್ಳಗಿರಲಿ, ದಪ್ಪಗಿರಲಿ, ನಿರ್ವಾಹಕರಿಗೆ ಹಠಾತ್ ಸಾವಿನ ಅಪಾಯ ಕಡಿಮೆಯೇ ಇತ್ತು. ತೂಕವೊಂದೇ ಆರೋಗ್ಯದ ಅಳತೆಗೋಲಲ್ಲ ಎಂಬುದು ಇದರ ಪಾಠ.

ಅದೇ ವರ್ಷ ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೇರಿಕನ್ ಸೈನಿಕರ ಶವಪರೀಕ್ಷೆಯ ವರದಿಯೂ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 22. ತರಬೇತಿಯಿಂದ ಹುರಿಗೊಂಡ ದೇಹಗಳು. ಆದರೂ ನಾಲ್ವರಲ್ಲಿ ಮೂವರ ಹೃದಯದ ರಕ್ತನಾಳಗಳಲ್ಲಿ ರೋಗದ ಕುರುಹು ಕಂಡಿತ್ತು.

ಇದೇಕೆ? ವ್ಯಾಯಾಮವು ಟ್ರೈಗ್ಲಿಸರೈಡನ್ನು ಇಳಿಸುತ್ತದೆ, ಒಳ್ಳೆಯದೆನ್ನಲಾಗುವ ಎಚ್‌ಡಿಎಲ್ಲನ್ನು ತುಸು ಏರಿಸುತ್ತದೆ. ಹೊಟ್ಟೆಯ ಬೊಜ್ಜು ಇದಕ್ಕೆ ತದ್ವಿರುದ್ಧ ಪರಿಣಾಮ ಬೀರುತ್ತದೆ. ಆದರೆ ರಕ್ತನಾಳದ ಗೋಡೆಯಲ್ಲಿ ಶೇಖರಗೊಳ್ಳುವ ಎಲ್‌ಡಿಎಲ್ ವ್ಯಾಯಾಮವೊಂದರಿಂದಲೇ ಹೆಚ್ಚು ಇಳಿಯದು. ಅದಕ್ಕೆ ಆಹಾರದ ಜಿಡ್ಡು ಮತ್ತು ವಂಶವಾಹಿ ಮುಖ್ಯ ಕಾರಣಗಳು. ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಅಧಿಕ ಎಲ್‌ಡಿಎಲ್ ಹುಟ್ಟಿನಿಂದಲೇ ಬಂದಿರುತ್ತದೆ. ಓಟಗಾರನಾದರೂ ಅಂಥವನಿಗೆ ಔಷಧಿ ಬೇಕು. ಕನ್ನಡಿಯಾಗಲಿ ತೂಕದ ಯಂತ್ರವಾಗಲಿ ಇದನ್ನು ತೋರಿಸದು, ರಕ್ತಪರೀಕ್ಷೆಯೇ ತೋರಿಸಬೇಕು. 18ನೇ ವಯಸ್ಸಿಗೇ ಮೊದಲ ಪರೀಕ್ಷೆ ಆಗಲೆಂದು ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ ಸಲಹೆ ನೀಡಿದೆ.

ಹಾಗೆಂದು ವ್ಯಾಯಾಮ ವ್ಯರ್ಥವಲ್ಲ. ವಾರಕ್ಕೆ 150 ನಿಮಿಷಗಳ ಬಿರುಸು ನಡಿಗೆ, 90 ಸೆಂಟಿಮೀಟರ್ ಮೀರದ ಸೊಂಟ, ಧೂಮಪಾನದಿಂದ ದೂರ: ಇವು ಬಡವನ ಕೈಗೂ ಎಟಕುವ ರಕ್ಷಣೆಗಳು.

ಸಹೋದರರೇ, ಅಂಗಡಿಯ ಗಲ್ಲದಲ್ಲಿ, ಹೊಲಿಗೆ ಯಂತ್ರದ ಮುಂದೆ, ಆಟೋದ ಸೀಟಿನಲ್ಲಿ ನಮ್ಮವರು ದಿನ ಕಳೆಯುತ್ತಾರೆ. ರಾತ್ರಿ ಮದುವೆಯ ಔತಣದಲ್ಲಿ ಮಿತಿ ಮರೆಯುತ್ತೇವೆ. ಇಫ್ತಾರ್‌ನಲ್ಲೂ ಕರಿದ ತಿಂಡಿಗಳದೇ ದರ್ಬಾರು. ದುಡಿಯುವ ಯುವಕನೊಬ್ಬ ಕುಸಿದರೆ ವೃದ್ಧ ತಂದೆತಾಯಿ, ವಿಧವೆ, ಯತೀಮ್ ಮಕ್ಕಳು ಬೀದಿಗೆ ಬೀಳುತ್ತಾರೆ. ಆಗ ಚಂದಾ ಎತ್ತುವ ಜಮಾಅತ್‌ಗಳು, ಈಗಲೇ ಮಸೀದಿಯ ಅಂಗಳದಲ್ಲಿ ರಕ್ತಪರೀಕ್ಷೆಯ ಶಿಬಿರ ಏರ್ಪಡಿಸಬಾರದೇಕೆ? ಮತ ಕೇಳಲು ಬರುವವರ ಮುಂದೆ ಮೊಹಲ್ಲಾಕ್ಕೊಂದು ಆಟದ ಮೈದಾನದ ಬೇಡಿಕೆಯನ್ನು ನಾವು ಇಡಬಾರದೇಕೆ?

ದೇಹವು ನಮ್ಮ ಸ್ವತ್ತಲ್ಲ, ಅಲ್ಲಾಹನು ವಹಿಸಿಕೊಟ್ಟ ಅಮಾನತ್ತು. ಅದರ ಲೆಕ್ಕ ಒಪ್ಪಿಸಬೇಕಾದ ದಿನವೊಂದಿದೆ. ಆ ಪ್ರಜ್ಞೆಯನ್ನು ಅವನು ನಮಗೆ ದಯಪಾಲಿಸಲಿ.