ಒಂದು ಕಂಪ್ಯೂಟರ್, ಐದು ಮೌಸ್

(ಶಿವಮೊಗ್ಗ ನಗರ ಮತ್ತು ಭದ್ರಾವತಿ ವಲಯದ ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳು)



ಇವತ್ತು ಸಾಲ, ಬಡ್ಡಿ, ಉಳಿತಾಯದ ಮಾತು ಬೇಡ ಅಂತ ನೀವೇ ಹೇಳಿದ್ದೀರಿ. ಅದಕ್ಕೇ ಒಂದು ಮೌಸಿನ ಕಥೆ ಹೇಳ್ತೀನಿ. ಕಂಪ್ಯೂಟರ್ ಪಕ್ಕದಲ್ಲಿ ಇಲಿಮರಿ ಹಾಗೆ ಕೂತಿರುತ್ತಲ್ಲ, ಆ ಮೌಸು. ಕಥೆ ಮುಗಿಯೋ ಹೊತ್ತಿಗೆ ನಾವು ಮತ್ತೆ ನಮ್ಮ ಲೆಕ್ಕದ ಪುಸ್ತಕಕ್ಕೇ ಬಂದಿರ್ತೀವಿ, ನೋಡಿ.

ಭದ್ರಾವತಿಯಲ್ಲಿ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುವ ಒಂದು ಕೇಂದ್ರಕ್ಕೆ ನಾನು ಆಗಾಗ ಹೋಗುತ್ತಿದ್ದೆ. ಅಲ್ಲಿ ಇದ್ದದ್ದು ಒಂದೇ ಹಳೇ ಕಂಪ್ಯೂಟರ್. ಸುತ್ತ ಏಳೆಂಟು ಮಕ್ಕಳು. ಮೌಸ್ ಯಾವಾಗಲೂ ಒಬ್ಬನೇ ಹುಡುಗನ ಕೈಯಲ್ಲಿ. ಅವನು ಕೆಟ್ಟವನೇನಲ್ಲ, ಮೊದಲು ಬಂದು ಕೂರ್ತಿದ್ದ, ಅಷ್ಟೆ. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಒಬ್ಬ ಹುಡುಗಿಯನ್ನು ಕೇಳಿದೆ, “ಏನಮ್ಮಾ, ಕಂಪ್ಯೂಟರ್ ಕಲಿತಿಯಾ?” ಅವಳು ಹೇಳಿದಳು, “ದಿನಾ ನೋಡ್ತೀನಿ ಮಿಸ್. ಮುಟ್ಟಿಲ್ಲ.” ಹಾಜರಿ ಪುಸ್ತಕದಲ್ಲಿ ಮಾತ್ರ ಅವಳೂ ಕಂಪ್ಯೂಟರ್ ಕಲಿತವಳೇ!

ಇದು ಭದ್ರಾವತಿ ಒಂದರ ಕಥೆಯಲ್ಲ. 2005ರಲ್ಲಿ ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿನ ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್, ಕೆಂಟಾರೊ ಟೊಯಾಮ ಮುಂತಾದವರು ಬಡ ಮಕ್ಕಳು ಓದುವ ಶಾಲೆಗಳಲ್ಲಿ ಇದನ್ನೇ ಕಂಡರು. ಕಂಪ್ಯೂಟರ್ ಒಂದು, ಮಕ್ಕಳು ಹಲವರು, ಮೌಸ್ ಗಟ್ಟಿಗನ ಕೈಯಲ್ಲಿ. ಎಲ್ಲರಿಗೂ ಒಂದೊಂದು ಕಂಪ್ಯೂಟರ್ ಕೊಡೋಣ ಎಂದರೆ ಹತ್ತಾರು ಸಾವಿರ ಬೇಕು. ಆದರೆ ಒಂದು ಮೌಸಿಗೆ ಕೆಲವು ನೂರು ರೂಪಾಯಿ ಸಾಕು. ಹಾಗಾದರೆ ಒಂದೇ ಕಂಪ್ಯೂಟರಿಗೆ ಐದು ಮೌಸ್ ಯಾಕೆ ಹಾಕಬಾರದು? ಅವರು ಹಾಗೇ ಮಾಡಿ, ಅದಕ್ಕೆ ‘ಮಲ್ಟಿಮೌಸ್’ ಎಂದು ಹೆಸರಿಟ್ಟರು.

ನೀವು ಕೇಳಬಹುದು, ಎರಡು ಮೌಸ್ ಚುಚ್ಚಿದರೆ ಸಾಕಲ್ಲವಾ ಅಂತ. ಸಾಲದು. ಮಾಮೂಲಿ ವಿಂಡೋಸ್ ಕಂಪ್ಯೂಟರಿಗೆ ಎರಡು ಮೌಸ್ ಹಾಕಿದರೆ ಪರದೆ ಮೇಲೆ ಬಾಣದ ಗುರುತು ಒಂದೇ ಇರುತ್ತೆ. ಒಬ್ಬಳು ಎಡಕ್ಕೆ ಎಳೀತಾಳೆ, ಇನ್ನೊಬ್ಬಳು ಬಲಕ್ಕೆ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು ಬೇರೆ ಬೇರೆ ದಿಕ್ಕಿಗೆ ಹೋದ ಹಾಗೆ. ಯಾವ ಮೌಸ್ ಯಾರದ್ದು ಎಂದು ಗುರುತಿಸಿ, ಪ್ರತಿಯೊಬ್ಬರಿಗೂ ಬೇರೆ ಬೇರೆ ಗುರುತು ಕೊಡುವ ಸಾಫ್ಟ್‌ವೇರ್ ಬೇಕು. ಅದನ್ನೇ ಅವರು ತಯಾರು ಮಾಡಿದ್ದು.

ಆಮೇಲೆ ಪರೀಕ್ಷೆ ಮಾಡಿ ನೋಡಿದರು. ಗ್ರಾಮೀಣ ಭಾಗದ ಬಡ ಕುಟುಂಬಗಳ 238 ಮಕ್ಕಳಿಗೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಪದಗಳನ್ನು ಕಲಿಸಿದರು. ಕೆಲವರಿಗೆ ಒಬ್ಬೊಬ್ಬರಿಗೇ ಒಂದು ಕಂಪ್ಯೂಟರ್. ಕೆಲವರಿಗೆ ಹಲವರ ನಡುವೆ ಒಂದೇ ಮೌಸ್. ಇನ್ನು ಕೆಲವರಿಗೆ ಐದು ಮಂದಿಗೆ ಒಂದು ಕಂಪ್ಯೂಟರ್, ಐದು ಮೌಸ್. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಟ್ಟಿನಲ್ಲಿ, ಐದು ಮೌಸ್ ಹಿಡಿದು ಕೂಡಿ ಕಲಿತ ಮಕ್ಕಳು, ಒಬ್ಬೊಬ್ಬರೇ ಕೂತು ಕಲಿತ ಮಕ್ಕಳಷ್ಟೇ ಪದ ಕಲಿತಿದ್ದರು.

ಇದರಲ್ಲಿ ಇನ್ನೊಂದು ಗುಟ್ಟಿದೆ. ಐದು ಮೌಸಿನ ಆಟವನ್ನು ಅವರು ಎರಡು ರೀತಿ ಆಡಿಸಿದ್ದರು. ಒಂದು ಓಟದ ಆಟ: ಯಾರು ಮೊದಲು ಸರಿ ಉತ್ತರ ಒತ್ತುತ್ತಾರೋ ಅವರು ಗೆದ್ದರು, ಆಟ ಮುಂದೆ ಹೋಯಿತು. ಇನ್ನೊಂದು ಒಪ್ಪಿಗೆಯ ಆಟ: ಎಲ್ಲರೂ ಸರಿ ಉತ್ತರ ಒತ್ತುವ ತನಕ ಮುಂದಿನ ಪದ ಬರೋದೇ ಇಲ್ಲ. ಯಂತ್ರ ಅದೇ, ಮೌಸ್ ಅದೇ, ನಿಯಮ ಮಾತ್ರ ಬೇರೆ. ಆದರೂ ಮಕ್ಕಳು ನಡಕೊಂಡ ರೀತಿಯಲ್ಲಿ, ಕಲಿತದ್ದರಲ್ಲಿ ಎದ್ದು ಕಾಣುವಷ್ಟು ವ್ಯತ್ಯಾಸ ಬಂತು. ಹುಡುಗಿಯರು ಯಾವ ರೀತಿಯಲ್ಲಾದರೂ ಹೆಚ್ಚುಕಮ್ಮಿ ಒಂದೇ ಸಮ ಕಲಿತರು. ಹುಡುಗರ ಕಲಿಕೆ ಮಾತ್ರ ಆಟದ ರೀತಿಗೆ ತಕ್ಕ ಹಾಗೆ ಏರಿಳಿಯಿತು.

ಮೈಕ್ರೋಸಾಫ್ಟ್ 2010ರಲ್ಲಿ ‘ಮೌಸ್ ಮಿಸ್ಚಿಫ್’ ಎಂಬ ಹೆಸರಲ್ಲಿ ಇಂಥದ್ದನ್ನು ಶಿಕ್ಷಕರಿಗೆ ಉಚಿತವಾಗಿ ಕೊಟ್ಟಿತ್ತು. ಈಗ ಅದನ್ನು ನಿಲ್ಲಿಸಿದೆ. ಹಾಗಾಗಿ ನಾಳೆಯೇ ಗೋಪಿ ಸರ್ಕಲ್ ಕಡೆ ಹೋಗಿ ಐದು ಮೌಸ್ ಕೊಂಡು ತರಬೇಡಿ! ಸಾಫ್ಟ್‌ವೇರ್ ಇದೆಯಾ ಎಂದು ತಿಳಿದವರನ್ನು ಮೊದಲು ಕೇಳಿ, ಆಮೇಲೆ ದುಡ್ಡು ಬಿಚ್ಚಿ. ಆದರೆ ಆ ನಿಯಮಕ್ಕೆ ದುಡ್ಡು ಬೇಡವಲ್ಲ? ಆ ಸಂಜೆ ಕೇಂದ್ರದಲ್ಲಿ ನಾವು ಮಾಡಿದ್ದು ಇಷ್ಟೇ. ಗಡಿಯಾರ ನೋಡಿ ಐದು ನಿಮಿಷಕ್ಕೊಮ್ಮೆ ಮೌಸ್ ಕೈ ಬದಲಾಗಬೇಕು. ಹಿಂದೆ ನಿಂತವರು ಉತ್ತರ ಹೇಳಿದ ಮೇಲೇ ಮುಂದೆ ಕೂತವರು ಒತ್ತಬೇಕು. ಮೊದಲ ದಿನ ಆ ಹುಡುಗಿ ಮೌಸ್ ಹಿಡಿದಾಗ ಕೈ ನಡುಗುತ್ತಿತ್ತು. ಬಾಣ ಎಲ್ಲಿಗೋ ಓಡಿತು, ಎಲ್ಲರೂ ನಕ್ಕರು, ಅವಳೂ ನಕ್ಕಳು. ಮೂರನೇ ವಾರದಲ್ಲಿ ಅವಳು ತನ್ನ ಹೆಸರು ಟೈಪ್ ಮಾಡಿ ನನಗೆ ತೋರಿಸಿದಳು.

ಈಗ ನಮ್ಮ ಸಂಘಕ್ಕೆ ಬರೋಣ. ನಮ್ಮಲ್ಲಿ ಮೌಸ್ ಯಾವುದು? ಪೆನ್ನು. ಅದು ಯಾರ ಕೈಯಲ್ಲಿದೆ? ಪ್ರತಿ ಸಂಘದಲ್ಲೂ ಒಬ್ಬಳೇ ಬರೀತಾಳೆ, ಒಬ್ಬಳೇ ಬ್ಯಾಂಕಿಗೆ ಹೋಗ್ತಾಳೆ, ಉಳಿದವರು ಸಹಿ ಹಾಕ್ತೀವಿ. ನಾನೇ ಇದ್ದ ಸಂಘದಲ್ಲಿ, ಬರೆಯುತ್ತಿದ್ದ ಅಕ್ಕ ಬಾಣಂತನಕ್ಕೆ ಮಗಳ ಮನೆಗೆ ಹೋದರು. ಮೂರು ತಿಂಗಳು ನಮ್ಮ ಪುಸ್ತಕ ಖಾಲಿ. ಯಾರು ಎಷ್ಟು ಕಟ್ಟಿದರು, ಯಾರದ್ದು ಬಾಕಿ ಎಂದು ಜಗಳವೇ ಆಯಿತು. ಇಬ್ಬರು ಸಂಘ ಬಿಟ್ಟರು. ಅಕ್ಕನ ಪ್ರಾಮಾಣಿಕತೆಯಲ್ಲಿ ತಪ್ಪಿರಲಿಲ್ಲ. ಹತ್ತು ವರ್ಷ “ಅವರೇ ಬರೀತಾರೆ ಬಿಡಿ” ಎಂದು ಗೋಡೆಗೆ ಒರಗಿ ನಿಂತ ನಮ್ಮದೇ ತಪ್ಪು.

ಆದ್ದರಿಂದ ಮೂರು ಮಾತು ಕೇಳಿಕೊಳ್ತೀನಿ. ಮೊದಲನೆಯದು, ಪ್ರತಿ ತಿಂಗಳು ಪುಸ್ತಕ ಬರೆಯುವವರು ಬದಲಾಗಲಿ. ತಿಳಿದವರು ಪಕ್ಕದಲ್ಲಿ ಕೂತು ಹೇಳಿಕೊಡಲಿ, ಪೆನ್ನು ಕಿತ್ತುಕೊಳ್ಳುವುದು ಬೇಡ. ಎರಡನೆಯದು, ಒಪ್ಪಿಗೆಯ ಆಟದ ಹಾಗೆ, ಒಟ್ಟು ಮೊತ್ತವನ್ನು ಎಲ್ಲರೂ ಬಾಯಿಬಿಟ್ಟು ಹೇಳುವ ತನಕ ಸಭೆ ಮುಂದೆ ಹೋಗಬಾರದು. ಮೂರನೆಯದು, ಪಾಸ್‌ಬುಕ್ ಓದಲು ಬರುವವರು ಒಂದು ಸಂಘದಲ್ಲಿ ಕನಿಷ್ಠ ಮೂವರಾದರೂ ಇರಲಿ.

ನಿಧಾನ ಆಗುತ್ತೆ, ನಿಜ. ತಪ್ಪೂ ಆಗುತ್ತೆ. ಪೆನ್ಸಿಲ್‌ನಲ್ಲಿ ಬರೆದು ಆಮೇಲೆ ತಿದ್ದಿಕೊಳ್ಳಿ. ನಾವು ಉಳಿಸುವ ಹಣದ ಲೆಕ್ಕ ನಮಗೇ ಓದಲು ಬರದಿದ್ದರೆ, ನಾವೂ ಹಾಜರಿ ಪುಸ್ತಕದಲ್ಲಿ ಮಾತ್ರ ಸದಸ್ಯರು.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಮಗಳನ್ನು ಒಂದು ಮಾತು ಕೇಳಿ: “ಶಾಲೆಯಲ್ಲಿ ಕಂಪ್ಯೂಟರ್ ಮುಟ್ಟಿದ್ದೀಯಾ, ಬರೀ ನೋಡಿದ್ದೀಯಾ?” ಅವಳು ಏನು ಹೇಳಿದಳು ಎಂದು ಮುಂದಿನ ಸಭೆಯಲ್ಲಿ ತಿಳಿಸಿ.